ಎಲ್ಲರ ಒಪ್ಪಿಗೆ ಆಗುವ ತನಕ

ಕಳೆದ ವಾರ ತಂಗಿಯ ಸೊಸೆ ದಿಂಬಿನ ಚೀಲ ಹೊಲಿಯಲಿಕ್ಕೆ ಅಂತ ಕೋರಾ ಬಟ್ಟೆ ತಂದಳು. ಹೊಲಿಯುವ ಮೊದಲು ಒಂದು ಸಲ ನೀರಿಗೆ ಹಾಕು ಮಾರಾಯ್ತಿ, ಇಲ್ಲದಿದ್ದರೆ ಆಮೇಲೆ ಕುಗ್ಗಿ ದಿಂಬು ಒಳಗೆ ಹೋಗೂದಿಲ್ಲ ಅಂತ ನಾನೇ ಹೇಳಿದೆ. ಅವಳು ಬಾಲ್ದಿಯಲ್ಲಿ ಬಟ್ಟೆ ಅದ್ದಿದ್ದೇ ತಡ, ಗಂಜಿಯ ವಾಸನೆ ಹಿತ್ತಿಲ ಬಾಗಿಲಿನಿಂದ ಒಳಗೆ ಬಂತು... ಓದುತ್ತಿದ್ದ ಪೇಪರು ನನ್ನ ಮಡಿಲಿನಲ್ಲೇ ಉಳಿಯಿತು. ಎಂತ ದೊಡ್ಡಮ್ಮ, ತಲೆ ತಿರುಗ್ತದಾ ಅಂತ ಹುಡುಗಿ ಓಡಿ ಬಂದಳು. ಈ ವಯಸ್ಸಿನಲ್ಲಿ ಸುಮ್ಮನೆ ಕೂತು ಏನನ್ನಾದರೂ ನೆನೆಸಿಕೊಳ್ಳುವ ಹಾಗೂ ಇಲ್ಲ, ಕೂಡಲೇ ಬಿಪಿ ಮಾತ್ರೆ ತಂದು ಎದುರಿಗೆ ಹಿಡಿಯುತ್ತಾರೆ.

ನನ್ನ ಮೊದಲ ನೌಕರಿಯ ಶಾಲೆಗೆ ಇದೇ ವಾಸನೆ ಇತ್ತು. ಹೊನ್ನಾವರ ಪೇಟೆಯಲ್ಲಿ ಒಂದು ಬಟ್ಟೆ ಅಂಗಡಿ, ಅದರ ಮಾಳಿಗೆಯ ಮೇಲೆ ನಮ್ಮ ಶಾಲೆ. ಕೆಳಗೆ ಗಂಟು ಗಂಟು ಬಟ್ಟೆ, ಮೇಲೆ ಹಲಗೆಯ ನೆಲ. ಸಂದಿಯಿಂದ ವಾಸನೆ ಮೇಲೆ ಬರುತ್ತಿತ್ತು, ನಮ್ಮ ಮಗ್ಗಿ ಕೆಳಗೆ ಇಳಿಯುತ್ತಿತ್ತು. ರವಿಕೆ ಕಣ ಕೊಳ್ಳಲಿಕ್ಕೆ ಬಂದ ಹೆಂಗಸರು ಪುಕ್ಕಟೆಯಾಗಿ ಮಗ್ಗಿ ಕೇಳಿಕೊಂಡು ಹೋಗುತ್ತಿದ್ದರು. ಅಂಗಡಿಯ ಗಾದಿಯ ಮೇಲೆ ಬಿಳಿ ಪಾಯಿಜಾಮ, ಕರಿ ಟೊಪ್ಪಿಯಲ್ಲಿ ಕೂತಿರುತ್ತಿದ್ದವರೇ ಶಾಲೆಯನ್ನೂ ನಡೆಸುತ್ತಿದ್ದರು. ಅವರ ಜನ ಅವರನ್ನು ದಾದಾ ಅಂತ ಕರೆಯುತ್ತಿದ್ದರು, ಅಣ್ಣ ಅಂದ ಹಾಗೆ. ಊರವರೂ ಹಾಗೇ ಕರೆದರು, ನಾನೂ ಹಾಗೇ ಕರೆದೆ.

ನಾನು ಕರ್ಕಿಯವಳು. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಹಿಂದಿ ಪರೀಕ್ಷೆಗಳನ್ನೂ ಮುಗಿಸಿ, ಜಿಲ್ಲಾ ಬೋರ್ಡಿನ ಶಾಲೆಯಲ್ಲಿ ಜಾಗ ಸಿಗಬಹುದು ಅಂತ ಮನೆಯಲ್ಲಿ ಕಾದು ಕೂತಿದ್ದೆ. ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿ ಒಂದೆರಡು ವರ್ಷ ಆಗಿತ್ತಷ್ಟೆ. ಯಾವ ಕಾಗದ ಯಾವ ಆಫೀಸಿನಲ್ಲಿ ಕೂತಿದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಹೊನ್ನಾವರ ಪೇಟೆಗೆ ತರಕಾರಿ ಹೊತ್ತು ಹೋಗುತ್ತಿದ್ದರು. ಒಂದು ದಿನ ಬಂದವರು, ಸಿಂಧಿ ಸೇಟ್‌ಗಳು ಶಾಲೆ ತೆಗೆದಿದ್ದಾರಂತೆ, ಕನ್ನಡ ಕಲಿಸುವವರು ಬೇಕಂತೆ, ಹೋಗಿ ನೋಡು ಅಂದರು. ಗುರುತು ಪರಿಚಯ ಇಲ್ಲದವರ ಮಾಳಿಗೆಯಲ್ಲಿ ಎಂತ ಶಾಲೆ ಅಂತ ಅಮ್ಮ ಗೊಣಗಿದಳು. ನಾನು ಇದ್ದುದರಲ್ಲಿ ಚಲೋ ಸೀರೆ ಉಟ್ಟು ಹೊರಟೇ ಬಿಟ್ಟೆ.

ದಾದಾ ನನ್ನ ಸರ್ಟಿಫಿಕೇಟು ನೋಡಲೇ ಇಲ್ಲ. ಪಾಟಿಯ ಮೇಲೆ ಒಂದು ಸಾಲು ಬರೆಸಿದರು, ಕೈ ದುಂಡಗಿದೆಯೋ ಇಲ್ಲವೋ ನೋಡಿದರು, ಸಾಕು ಅಂದರು. ಅವರ ಮಾತು ಅರ್ಧ ಹಿಂದಿ, ಕಾಲು ಕೊಂಕಣಿ, ಉಳಿದದ್ದು ಪೇಟೆಯಲ್ಲಿ ಕಲಿತ ನಮ್ಮ ಕನ್ನಡ. ಆ ದಿನ ಅವರು ಹೇಳಿದ್ದು ಇಷ್ಟು: "ಆರು ತಿಂಗಳ ಕೆಲಸ, ಅಕ್ಕೋರೆ. ಅಷ್ಟರೊಳಗೆ ನಮ್ಮ ಅಕ್ಷರದ ತೀರ್ಮಾನ ಆಗ್ತದೆ. ಅಲ್ಲಿಯ ತನಕ ಮಕ್ಕಳು ಸುಮ್ಮನೆ ಕೂರೂದು ಬೇಡ, ಕನ್ನಡ ಕಲಿಸಿ." ಅಕ್ಷರದ ತೀರ್ಮಾನ ಅಂದರೆ ಎಂತದು ಅಂತ ನನಗೆ ತಿಳಿಯಲಿಲ್ಲ. ಪುಸ್ತಕ ಎಲ್ಲೋ ಅಚ್ಚಾಗುತ್ತಿರಬೇಕು ಅಂದುಕೊಂಡೆ. ಆರು ತಿಂಗಳಾದರೆ ಆರು ತಿಂಗಳು, ಮನೆಯಲ್ಲಿ ಕೂರುವುದಕ್ಕಿಂತ ವಾಸಿ ಅಂತ ಒಪ್ಪಿಕೊಂಡೆ.

ಆಮೇಲೆ ಒಂದೊಂದಾಗಿ ತಿಳಿಯಿತು. ಭಟ್ಕಳ, ಹೊನ್ನಾವರ, ಕುಮಟೆ ಮೂರೂ ಕಡೆ ಸೇರಿದರೆ ಅವರದು ಎಂಟ್ಹತ್ತು ಮನೆ, ಹೊರಗಿನ ಮಕ್ಕಳು ಹೊನ್ನಾವರದ ನೆಂಟರಲ್ಲೇ ಉಳಿದು ಕಲಿಯುತ್ತಿದ್ದರು. ದೇಶ ಎರಡಾದಾಗ ಸಿಂಧ್ ಬಿಟ್ಟು, ಕರಾಚಿಯಿಂದ ಹಡಗು ಹತ್ತಿ ಮುಂಬೈಗೆ ಬಂದು, ಕೊಲ್ಹಾಪುರದ ನಿರಾಶ್ರಿತರ ಕ್ಯಾಂಪಿನಲ್ಲಿ ಕೆಲವು ಕಾಲ ಇದ್ದು, ಅಲ್ಲಿಂದ ಬಟ್ಟೆಗಂಟು ಹೆಗಲಿಗೆ ಹಾಕಿಕೊಂಡು ನಮ್ಮ ಕರಾವಳಿಗೆ ಇಳಿದವರು. ಮೊದಲು ಮನೆ ಮನೆ ತಿರುಗಿ ಮಾರಿದರು, ನಂತರ ಅಂಗಡಿ ಹಾಕಿದರು. ಅಂಗಡಿ ಒಂದು ನೆಲೆಗೆ ಬಂದದ್ದೇ ಎಲ್ಲರೂ ಸೇರಿ ಶಿಕ್ಷಣ ಟ್ರಸ್ಟ್ ಮಾಡಿದರು. ಅದು ದಾದಾ ಹಿಡಿದ ಹಟ. ಸಿಂಧ್‌ನಲ್ಲಿ ಅವರು ಹೆಡ್‌ಮಾಸ್ತರರಾಗಿದ್ದರಂತೆ. ಬಟ್ಟೆ ಹರಿಯುವಾಗಲೂ ಗಿರಾಕಿಯ ಮಗುವಿನ ಪಾಟಿ ಕಂಡರೆ ಗಜಕೋಲು ಬದಿಗಿಟ್ಟು ಲೆಕ್ಕ ತಿದ್ದಲಿಕ್ಕೆ ಹೋಗುತ್ತಿದ್ದರು. ವ್ಯಾಪಾರ ಅವರ ಕೈಗೆ ಹತ್ತಲೇ ಇಲ್ಲ.

ಒಂದು ಸಂಜೆ ಮಕ್ಕಳು ಹೋದ ಮೇಲೆ, ಮಾಳಿಗೆಯ ಕಿಟಕಿ ಹಾಕುತ್ತ, ನಾನು ಕೇಳದೇ ಇದ್ದರೂ ಹೇಳಿದರು. ಅವರಿಗೆ ದೊಡ್ಡ ಶಾಲೆ ಬೇಡ, ಹೆಸರು ಬೇಡ. "ನಮ್ಮ ಒಂದು ಮಗು ನಮ್ಮ ಭಾಷೆಯ ಪುಸ್ತಕ ಬಿಚ್ಚಿ, ನನ್ನ ಎದುರಿಗೆ ನಿಂತು ಓದಬೇಕು. ನಾನು ಕೇಳಬೇಕು. ಒಂದು ಮಗು ಸಾಕು." ಅದರಲ್ಲಿ ಎಂತ ಕಷ್ಟ, ನೀವೇ ಹೆಡ್‌ಮಾಸ್ತರರು, ನಾಳೆಯೇ ಶುರು ಮಾಡಿ ಅಂದೆ. ಅವರು ನಕ್ಕರು. ಯಾವ ಅಕ್ಷರದಲ್ಲಿ, ಅಕ್ಕೋರೆ, ಅಂದರು.

ಅಲ್ಲಿತ್ತು ಗಂಟು. ಆ ಕಡೆ ಇದ್ದಾಗ ಅವರ ಭಾಷೆಯನ್ನು ಬರೆಯುತ್ತಿದ್ದುದು ಬಲದಿಂದ ಎಡಕ್ಕೆ, ಅರಬ್ಬಿಯಂಥ ಅಕ್ಷರದಲ್ಲಿ. ದಾದಾ ಕಲಿತದ್ದು ಅದು, ಕಲಿಸಿದ್ದೂ ಅದೇ. ಅವರ ಭಾಷೆಯಲ್ಲಿ ಇದ್ದ ಹಾಡು ಕತೆ ಎಲ್ಲ ಅದರಲ್ಲೇ. ಆದರೆ ಕುಮಟೆಯ ಸೇಟ್‌ಜಿ ಒಪ್ಪಲಿಲ್ಲ. ಇವರು ಕುಮಟೆಯ ದೊಡ್ಡ ಅಂಗಡಿಯವರು, ದಾದಾನ ಬಾಲ್ಯದ ಗೆಳೆಯ, ಟ್ರಸ್ಟಿಗೆ ಇವರದೇ ಬಲ. ಊರು ಬಿಟ್ಟು ಬರುವಾಗ ತಮ್ಮನನ್ನು ಕಳಕೊಂಡವರು. ಹೇಗೆ ಅಂತ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈ ದೇಶಕ್ಕೆ ಬಂದ ಮೇಲೆ ಈ ದೇಶದ ಅಕ್ಷರ, ಹಿಂದಿ ಬರೆಯುವ ನಾಗರಿಯಲ್ಲೇ ಮಕ್ಕಳು ಸಿಂಧಿ ಕಲಿಯಲಿ, ಆ ಅಕ್ಷರ ತನ್ನ ಮನೆಯೊಳಗೆ ಬರಕೂಡದು ಅಂತ ಅವರ ಪಟ್ಟು. ಮುಂಬೈ ಕಡೆಯ ಅವರ ಜನರಲ್ಲೂ ಇದೇ ಜಗಳ ನಡೆದಿತ್ತಂತೆ. ಅಲ್ಲಿ ಜನ ಇದ್ದರು, ನಿಂಗೊಂದು ಶಾಲೆ ನಂಗೊಂದು ಶಾಲೆ ಅಂತ ಮಾಡಿಕೊಂಡರು. ಇಲ್ಲಿ ಇದ್ದದ್ದೇ ಎಂಟ್ಹತ್ತು ಮನೆ.

ತಿಂಗಳಿಗೊಮ್ಮೆ ಆದಿತ್ಯವಾರ ಸಭೆ. ಕುಮಟೆಯವರು ಬಸ್ಸಿನಲ್ಲಿ ಬರುವರು, ಭಟ್ಕಳದವರು ಶರಾವತಿಯನ್ನು ಲಾಂಚಿನಲ್ಲಿ ದಾಟಿ ಬರುವರು. ಮೆಟ್ಟಿಲು ಹತ್ತಿ ಬಂದವರಿಗೆ ದಾದಾನ ಹೆಂಡತಿ ಮೊದಲು ಸುಟ್ಟ ಹಪ್ಪಳ, ನೀರು ಕೊಡುತ್ತಿದ್ದರು. ಕಾಳುಮೆಣಸು ಹಾಕಿದ ಖಾರದ ಹಪ್ಪಳ, ನಮ್ಮ ಉದ್ದಿನ ಹಪ್ಪಳದ ಹಾಗಲ್ಲ. ಮಕ್ಕಳು ಹೇಗೆ ಕಲಿಯುತ್ತಾರೆ ಅಂತ ಹೇಳಲಿಕ್ಕೆ ನನ್ನನ್ನೂ ಕೂರಿಸುತ್ತಿದ್ದರು. ನಂತರ ಅವರ ಭಾಷೆಯಲ್ಲಿ ಅಕ್ಷರದ ಮಾತು ಶುರು. ನನಗೆ ಭಾಷೆ ಬರದಿದ್ದರೂ ಯಾರು ಎಂತ ಹೇಳುತ್ತಾರೆ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಸೇಟ್‌ಜಿಯ ಕುತ್ತಿಗೆ ಕೆಂಪಾಗುತ್ತಿತ್ತು. ದಾದಾ ಮಾತ್ರ ದನಿ ಎತ್ತುತ್ತಿರಲಿಲ್ಲ. ಕಡೆಗೆ ಬರುವ ತಿಂಗಳು ನೋಡೋಣ ಅಂತ ಎಲ್ಲರೂ ಎದ್ದು ಟೊಪ್ಪಿ ಸರಿಮಾಡಿಕೊಳ್ಳುವರು.

ಒಮ್ಮೆ ಭಟ್ಕಳದ ಅಂಗಡಿಯವರಿಗೆ ಸಾಕಾಗಿ ಹೋಯಿತು. ಲಾಂಚಿಗೆ ಹೊತ್ತಾಗುತ್ತದೆ, ಕೈ ಎತ್ತಿಸಿ ಬಿಡಿ, ಯಾವುದಕ್ಕೆ ಹೆಚ್ಚು ಕೈ ಬರುತ್ತದೋ ಅದು ಅಂದರು. ಆ ದಿನ ಕೈ ಎತ್ತಿಸಿದ್ದರೆ ದಾದಾನದೇ ಗೆಲ್ಲುತ್ತಿತ್ತು, ಅದು ಎಲ್ಲರಿಗೂ ಗೊತ್ತಿತ್ತು, ಸೇಟ್‌ಜಿಗೂ ಗೊತ್ತಿತ್ತು. ದಾದಾ ಎದ್ದು ನಿಂತರು. ಅವರು ಸಭೆಯಲ್ಲಿ ಎದ್ದು ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಡಿದ್ದು ಎರಡೇ ಮಾತು, ಸಂಜೆ ನನಗೆ ಅದನ್ನೇ ಕನ್ನಡದಲ್ಲಿ ಹೇಳಿದರು. "ಯಾರ ಜನ ಹೆಚ್ಚು ಅಂತ ತಲೆ ಎಣಿಸಿಯೇ ನಮ್ಮ ಊರು ಹೋದದ್ದು. ಇಲ್ಲಿ ಎಣಿಸೂದು ಬೇಡ, ಎಲ್ಲರ ಒಪ್ಪಿಗೆ ಆಗಲಿ." ಅಂದಿನಿಂದ ಅದು ಟ್ರಸ್ಟಿನ ನಿಯಮವೇ ಆಗಿಹೋಯಿತು. ಎಲ್ಲರೂ ಹೂಂ ಅನ್ನುವ ತನಕ ಯಾವ ಅಕ್ಷರವೂ ಇಲ್ಲ.

ನನಗೆ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ದಾದಾನ ಮೊಮ್ಮಗಳೇ ನಮ್ಮ ಶಾಲೆಯಲ್ಲಿದ್ದಳು. ಮಗನಿಗೆ ರೈಲ್ವೆ ನೌಕರಿ, ಇವತ್ತು ಇಲ್ಲಿ ನಾಳೆ ಅಲ್ಲಿ, ಹಾಗಾಗಿ ಹುಡುಗಿಯನ್ನು ಅಜ್ಜ ಅಜ್ಜಿಯ ಹತ್ತಿರ ಬಿಟ್ಟಿದ್ದ. ಚುರುಕೆಂದರೆ ಚುರುಕು. ಸಭೆ ಗಿಭೆ ಬಿಡಿ ದಾದಾ, ನಿಮ್ಮ ಮನೆಯ ಮಗುವಿಗೆ ನಿಮ್ಮ ಮನೆಯಲ್ಲಿ ಅಕ್ಷರ ಕಲಿಸಲಿಕ್ಕೆ ಯಾರ ಅಪ್ಪಣೆ ಬೇಕು ಅಂತ ಕೇಳಿಯೇ ಬಿಟ್ಟೆ. ಅವರ ಹೆಂಡತಿಯೂ ಅದಕ್ಕೇ ದಿನಾ ಬಯ್ಯುತ್ತಿದ್ದರಂತೆ. ದಾದಾ ತಲೆಯಾಡಿಸಿದರು. ಟ್ರಸ್ಟಿನಲ್ಲಿ ತೀರ್ಮಾನ ಆಗದೆ ತನ್ನ ಮೊಮ್ಮಗಳಿಗೆ ಮಾತ್ರ ಒಳಗಿಂದೊಳಗೆ ಕಲಿಸಿದರೆ ಉಳಿದವರಿಗೆ ಯಾವ ಮುಖ ತೋರಿಸಲಿ ಅಂದರು. ಇಂಥವರಿಗೆ ಎಂತ ಹೇಳೂದು... ಒಳ್ಳೆಯತನಕ್ಕೂ ಒಂದು ಮಿತಿ ಬೇಡವಾ?

ಶಾಲೆಗೆ ಬೋರ್ಡು ಬರೆಸಿದ್ದರು. ಮೇಲೆ ಕನ್ನಡದಲ್ಲಿ ಹೆಸರು, ಕೆಳಗೆ ಇಂಗ್ಲಿಷಿನಲ್ಲಿ. ನಡುವೆ ಸಿಂಧಿಯ ಸಾಲಿಗೆ ಅಂತ ಒಂದು ಪಟ್ಟಿ ಖಾಲಿ ಬಿಟ್ಟದ್ದು ಹಾಗೇ ಉಳಿಯಿತು. ಪೇಟೆಯವರು ಖಾಲಿ ಬೋರ್ಡಿನ ಶಾಲೆ ಅಂತ ಗುರುತು ಹೇಳುತ್ತಿದ್ದರು. ಒಂದು ವರ್ಷ ನಮ್ಮ ಕರ್ಕಿಯ ಮೇಳದ ಯಕ್ಷಗಾನ ಆಟದ ಜಾಹೀರಾತನ್ನು ಯಾರೋ ಸರಿಯಾಗಿ ಆ ಪಟ್ಟಿಯ ಮೇಲೆಯೇ ಅಂಟಿಸಿ ಹೋದರು. ನನಗೆ ನಾಚಿಕೆಯಾಗಿ ಕೀಳಲಿಕ್ಕೆ ಹೋದರೆ ದಾದಾ ತಡೆದರು. ಇರಲಿ ಬಿಡಿ, ಯಾವುದೋ ಒಂದು ಅಕ್ಷರ ಬಂತಲ್ಲ ಅಂದರು. ಇಂಥ ತಮಾಷೆಯನ್ನು ನಗದೇ ಮಾಡುವುದು ಅವರ ಅಭ್ಯಾಸ.

ಅವರ ಹೊಸ ವರ್ಷಕ್ಕೆ ಎಲ್ಲ ಮನೆಯವರೂ ಹೊನ್ನಾವರಕ್ಕೆ ಬರುತ್ತಿದ್ದರು. ಅವರ ದೇವರು ನೀರಿನವನು. ಗೋಧಿ ಹಿಟ್ಟಿನ ದೀಪ ಮಾಡಿ, ಹಣ್ಣು ಹೂವಿನ ಜೊತೆ ತಟ್ಟೆಯಲ್ಲಿಟ್ಟು, ಹಾಡಿಕೊಂಡು ಹೋಗಿ ಶರಾವತಿಗೆ ಬಿಡುವರು. ನಾನು ಹೋದ ಮೊದಲ ವರ್ಷ ಉಬ್ಬರದ ಹೊತ್ತು. ಬಿಟ್ಟ ದೀಪ ತಿರುಗಿ ತಿರುಗಿ ನಮ್ಮ ಕಾಲಿನ ಹತ್ತಿರವೇ ಬಂತು. ದೋಣಿಯವರು ನಕ್ಕು, ಇಳಿತಕ್ಕೆ ಬಿಡಬೇಕಿತ್ತು ಸೇಟ್ರೆ ಅಂದರು. ಸಿಂಧ್‌ನ ಅವರ ಊರು ಸಮುದ್ರದಿಂದ ಬಲು ದೂರವಂತೆ. ಅಲ್ಲಿಯ ಹೊಳೆ ಕೊಟ್ಟದ್ದನ್ನು ತಗೊಂಡು ಹೋಗೂದೇ ಹೊರತು ತಿರುಗಿ ತರುತ್ತಿರಲಿಲ್ಲ. ಸೇಟ್‌ಜಿಗೂ ದಾದಾಗೂ ಆ ದಿನ ಮಾತಿಲ್ಲ ಕತೆಯಿಲ್ಲ, ಆದರೂ ಇಬ್ಬರೂ ಪಾಯಿಜಾಮ ಮೊಣಕಾಲಿಗೆ ಏರಿಸಿ, ನೀರಿಗಿಳಿದು, ಒಟ್ಟಿಗೇ ದೀಪವನ್ನು ಮುಂದಕ್ಕೆ ನೂಕುತ್ತ ನಿಂತರು. ಇಳಿತ ಶುರುವಾಗುವ ತನಕ ಅಲ್ಲೇ ಇದ್ದರು.

ಭಟ್ಕಳದ ಸಾಹೇಬರೊಬ್ಬರು ಬಂದದ್ದು ಅದರ ಮರುವರ್ಷವೋ ಏನೋ. ನವಾಯತ ಮುಸಲ್ಮಾನರು, ಭಟ್ಕಳದಲ್ಲಿ ಅಂಗಡಿ ಇದ್ದವರು, ಆಗಾಗ ದಾದಾನ ಹತ್ತಿರ ಬಟ್ಟೆ ಕೊಂಡು ಹೋಗುತ್ತಿದ್ದರು. ಮೆಲು ಮಾತಿನ ಮನುಷ್ಯ. ಗಾದಿಯ ಪಕ್ಕದಲ್ಲಿ ದಾದಾ ಊರಿಂದ ತಂದ ಮಕ್ಕಳ ಮೊದಲ ಪುಸ್ತಕ ಇತ್ತು, ತಲೆದಿಂಬಿನ ಹಾಗೆ ಅದು ಯಾವಾಗಲೂ ಅವರ ಹತ್ತಿರ. ಸಾಹೇಬರು ಬಟ್ಟೆ ಕಟ್ಟಿಸುತ್ತಿದ್ದವರು, ಇದೆಂತ ಪುಸ್ತಕ ಅಂತ ಎತ್ತಿಕೊಂಡು, ಗಟ್ಟಿಯಾಗಿ ಓದಲಿಕ್ಕೆ ಶುರು ಮಾಡಿದರು. ಅವರಿಗೆ ಸಿಂಧಿ ಬರೂದಿಲ್ಲ. ಆದರೆ ಉರ್ದು ಓದಿದವರಿಗೆ ಆ ಅಕ್ಷರ ಬಹುಪಾಲು ಗುರುತು. ಅರ್ಥ ತಿಳಿಯದೆ, ಹೆಚ್ಚು ಚುಕ್ಕಿ ಇದ್ದ ಅಕ್ಷರ ಬಂದಲ್ಲಿ ಎಡವುತ್ತ, ಒಂದು ಪುಟ ಓದಿದರು.

ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ದಾದಾ ಕತ್ತರಿ ಹಿಡಿದ ಕೈಯನ್ನು ಹಾಗೇ ಇಟ್ಟುಕೊಂಡು ಕೇಳುತ್ತಿದ್ದರು. ಕಣ್ಣಿಂದ ನೀರು ಇಳಿದು ಗಡ್ಡದ ತನಕ ಬಂದಿತ್ತು, ಒರೆಸಿಕೊಳ್ಳಲಿಲ್ಲ. ಊರು ಬಿಟ್ಟ ಮೇಲೆ ಆ ಪುಸ್ತಕವನ್ನು ಬೇರೆಯವರ ಬಾಯಲ್ಲಿ ಕೇಳಿದ್ದು ಅದೇ ಮೊದಲಂತೆ. ಸಾಹೇಬರು ತಲೆ ಎತ್ತಿ ನೋಡಿ ಗಾಬರಿಯಾದರು, ಏನಾದರೂ ತಪ್ಪು ಓದಿದೆನಾ ಅಂತ ಕೇಳಿದರು. ಇಲ್ಲ ಇಲ್ಲ ಅಂತ ದಾದಾ ಅವರ ಕೈ ಹಿಡಿದುಕೊಂಡರು. ಅವತ್ತೇ ಕುಮಟೆಯ ಸೇಟ್‌ಜಿಯೂ ಬಂದಿರಬೇಕೆ... ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು. ಸಾಹೇಬರು ಗಂಟು ಎತ್ತಿಕೊಂಡು ಹೋಗುವ ತನಕ ತಡೆದುಕೊಂಡರು. ಆಮೇಲೆ ನನಗೂ ತಿಳಿಯಲಿ ಅಂತಲೋ ಏನೋ ಹಿಂದಿಯಲ್ಲೇ ಕೇಳಿದರು: "ಓದಿದವರು ಯಾರು ಅಂತ ನೋಡಿದೆಯಾ? ಇನ್ನೂ ನಿನ್ನ ಅಕ್ಷರ ಅಂತೀಯಾ?" ದಾದಾ ಓಡಿ ಹೋಗಿ ಸಾಹೇಬರನ್ನು ಲಾಂಚಿನ ತನಕ ಕಳಿಸಿ ಬಂದರು. ಯಾರದ್ದು ಸರಿ ಯಾರದ್ದು ತಪ್ಪು ಅಂತ ಹೇಳಲಿಕ್ಕೆ ನಾನು ಯಾರು? ತಮ್ಮನನ್ನು ಕಳಕೊಂಡವರಿಗೆ ಆ ಅಕ್ಷರ ಕಂಡರೆ ಎಂತ ಆಗುತ್ತಿತ್ತೋ ಅದು ಅವರಿಗೇ ಗೊತ್ತು.

ಅಷ್ಟರಲ್ಲಿ ಮಕ್ಕಳು ಬೆಳೆಯುತ್ತಿದ್ದರು. ಅಕ್ಷರದ ತೀರ್ಮಾನ ಆಗುವ ತನಕ ಅಂತ ನಾನು ಕಲಿಸಿದ ಕನ್ನಡ ಅವರಿಗೆ ಚಲೋ ಹತ್ತಿತು. ಅ ಅಂದರೆ ಆ ಅನ್ನುವ ಮಕ್ಕಳು, ವ್ಯಾಪಾರದ ಮನೆಯವರು, ಬಾಯಿ ಕೇಳಬೇಕೆ. ಅಂಗಡಿಗೆ ಬಂದ ಮೀನುಗಾರ ಹೆಂಗಸರ ಹತ್ತಿರ ಅವರದೇ ಧಾಟಿಯಲ್ಲಿ ಮಾತಾಡುವರು. ಮನೆಯಲ್ಲಿ ಅಜ್ಜಿ ಸಿಂಧಿಯಲ್ಲಿ ಕರೆದರೆ, ಬಂದೆ, ಎಂತ, ಅಂತ ಕನ್ನಡದಲ್ಲೇ ಓಗೊಡುವರು. ದಾದಾನ ಮೊಮ್ಮಗಳು ತಾಲೂಕಿನ ಭಾಷಣದ ಪಂದ್ಯದಲ್ಲಿ ಬಹುಮಾನ ತಂದಳು. ನನಗೆ ಹೆಮ್ಮೆ ಆಗಲಿಲ್ಲ ಅಂದರೆ ನಾಲಿಗೆಗೆ ಹುಳ ಬಿದ್ದೀತು. ದಾದಾ ಪೇಟೆಗೆಲ್ಲ ಪೇಡೆ ಹಂಚಿ ಬಂದರು. ಆ ಸಂಜೆ ಗಾದಿಯ ಮೇಲೆ ಊರಿಂದ ತಂದ ಆ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು.

ಇನ್ಸ್‌ಪೆಕ್ಟರ್ ಸಾಹೇಬರು ಶಾಲೆ ನೋಡಲಿಕ್ಕೆ ಬಂದಾಗಲೂ ಹೀಗೇ. ಮಕ್ಕಳಿಂದ ಪದ್ಯ ಹೇಳಿಸಿದರು, ಶುದ್ಧಬರಹ ಬರೆಸಿದರು. ಒಂದೂ ತಪ್ಪಿಲ್ಲ. ಇಷ್ಟು ಚಲೋ ಕನ್ನಡ ಶಾಲೆ ಈ ತಾಲೂಕಿನಲ್ಲಿ ಕಡಿಮೆ ಅಂತ ಹೊಗಳಿ, ಇದನ್ನು ಕನ್ನಡ ಶಾಲೆಯೆಂದೇ ಮಾನ್ಯ ಮಾಡಿಸಿಕೊಳ್ಳಿ, ನಾನು ಶಿಫಾರಸು ಮಾಡುತ್ತೇನೆ ಅಂದರು. ಅವರು ಒಳ್ಳೆಯದೇ ಬಯಸಿದ್ದು. ಸಿಂಧಿ ಯಾವಾಗ ಶುರು ಮಾಡುತ್ತೀರಿ ಅಂತ ಹೋಗುವಾಗ ಮರ್ಯಾದೆಗೆ ಕೇಳಿದರು. ಬೇಗನೆ ಸಾಹೇಬರೆ, ಎಲ್ಲರ ಒಪ್ಪಿಗೆ ಆಗಬೇಕು ಅಷ್ಟೆ ಅಂತ ದಾದಾ ಕೈ ಮುಗಿದರು. ಆ ಹೊತ್ತಿಗೆ ನನ್ನ ಆರು ತಿಂಗಳ ಕೆಲಸ ಶುರುವಾಗಿ ಐದಾರು ವರ್ಷ ಆಗಿತ್ತು.

ಆಮೇಲೆ ಮನೆಗಳು ಖಾಲಿಯಾಗತೊಡಗಿದವು. ಯಾರೂ ಓಡಿಸಲಿಲ್ಲ, ಯಾವ ಜಗಳವೂ ಇಲ್ಲ. ಹೆಣ್ಣುಮಕ್ಕಳು ದೊಡ್ಡವರಾದರು, ಅಷ್ಟೆ. ಈ ಕರಾವಳಿಯಲ್ಲಿ ಅವರ ಪೈಕಿ ಗಂಡು ಎಲ್ಲಿಂದ ತರಬೇಕು? ಇದ್ದ ಎಂಟ್ಹತ್ತು ಮನೆಯವರೂ ಒಂದಲ್ಲ ಒಂದು ರೀತಿ ನೆಂಟರೇ. ಮದುವೆ ಮಾತಿಗೆ ಅಂತ ಮುಂಬೈ ಕಡೆಯ ಕಲ್ಯಾಣದ ಹತ್ತಿರ ಇದ್ದ ಅವರ ಜನರ ದೊಡ್ಡ ಕ್ಯಾಂಪಿಗೆ ಹೋದವರು ಅಲ್ಲೇ ಅಂಗಡಿ ನೋಡಿಕೊಂಡರು. ಭಟ್ಕಳದವರು ಮೊದಲು ಹೋದರು. ಪ್ರತಿ ಸಲವೂ ದಾದಾ ಬಸ್ಸಿನ ತನಕ ಹೋಗಿ, ಅಲ್ಲಿ ಹೋದ ಮೇಲಾದರೂ ಮಕ್ಕಳಿಗೆ ಭಾಷೆ ಕಲಿಸಿ ಅಂತ ಹೇಳಿ ಬರುವರು. ಹೋದವರು ಆಗಲಿ ದಾದಾ ಅನ್ನುವರು. ಸಭೆಯಲ್ಲಿ ಹಪ್ಪಳ ಮಿಕ್ಕುತ್ತಿತ್ತು.

ಕಡೆಗೆ ಕುಮಟೆಯ ಸೇಟ್‌ಜಿಯೂ ಹೊರಟರು. ಅವರಿಗೆ ಮೂವರು ಹೆಣ್ಣುಮಕ್ಕಳು. ಹೇಳಿ ಹೋಗಲಿಕ್ಕೆ ಬಂದ ದಿನ ಇಬ್ಬರೂ ಮಾಳಿಗೆಯಲ್ಲಿ ಖಾಲಿ ಬೆಂಚಿನ ಮೇಲೆ ಕೂತರು. ಅಕ್ಷರದ ಮಾತು ಬರಬಹುದು, ಇವತ್ತಾದರೂ ಒಬ್ಬರು ಸೋಲಬಹುದು ಅಂತ ನಾನು ಕೆಳಗೆ ಕಿವಿ ಕೊಟ್ಟು ಕೂತಿದ್ದೆ. ದನಿಯೇ ಕೇಳಲಿಲ್ಲ. ಬಹಳ ಹೊತ್ತಾದ ಮೇಲೆ ಇಳಿದು ಬಂದರು. ಸೇಟ್‌ಜಿ ನನಗೆ, ಮಕ್ಕಳಿಗೆ ಚಲೋ ಕಲಿಸಿದಿರಿ ಅಂದರು. ಬಸ್ಸು ಹೊರಟ ಮೇಲೆ ದಾದಾ ಪೇಟೆಯ ನಡುವೆ ನಿಂತೇ ಇದ್ದರು. ಮೀನಿನ ಬುಟ್ಟಿ ಹೊತ್ತವರೊಬ್ಬರು, ದಾರಿ ಬಿಡಿ ದಾದಾ ಅಂದ ಮೇಲೆ ಬದಿಗೆ ಸರಿದರು.

ಮೊಮ್ಮಗಳನ್ನೂ ಮಗ ಬಂದು ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಹೈಸ್ಕೂಲಿಗೆ ಅಲ್ಲೇ ಸೇರಿಸುತ್ತೇನೆ ಅಂದ. ಮಾಳಿಗೆ ಖಾಲಿಯಾಯಿತು. ನನಗೆ ಬೋರ್ಡಿನ ಶಾಲೆಯ ಆರ್ಡರು ಬಂದಿತ್ತು, ಸೇರಲಿಕ್ಕೆ ಇನ್ನು ಕೆಲವು ವಾರ. ಸುಮ್ಮನೆ ಮನೆಯಲ್ಲಿ ಕೂರೂದೇಕೆ ಅಂತ ನಾನು ದಿನಾ ಕರ್ಕಿಯಿಂದ ನಡೆದು ಬಂದು ಮಾಳಿಗೆ ಗುಡಿಸಿ ಕೂರುತ್ತಿದ್ದೆ. ಈಗ ಅಡ್ಡ ಹಾಕುವವರು ಯಾರೂ ಇಲ್ಲವಲ್ಲ ದಾದಾ, ಬೋರ್ಡಿನ ಮೇಲೆ ನಿಮ್ಮ ಅಕ್ಷರ ಬರೆಸಿ ಬಿಡಿ, ನೋಡಿ ಖುಷಿಯಾದರೂ ಪಡಿ ಅಂದೆ. ನನ್ನ ಬುದ್ಧಿಗೆ ಅಷ್ಟೇ ತಿಳಿಯುತ್ತಿತ್ತು. ಅವರು ಒಂದು ಪಾಟಿ ತಂದು ನನ್ನ ಎದುರಿಗೆ ಬೆಂಚಿನ ಮೇಲೆ ಕೂತರು. ನನಗೆ ನಾಗರಿ ಕಲಿಸಿ ಅಂದರು. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. "ಅವನು ಇಲ್ಲದಾಗ ನಾನು ನನ್ನದು ಬರೆಸಿದರೆ ಅದು ಕಳ್ಳತನ, ಅಕ್ಕೋರೆ. ಅವನದನ್ನು ನಾನು ಒಪ್ಪಿದರೆ ಆತು, ಎಲ್ಲರದೂ ಒಪ್ಪಿಗೆ ಆದ ಹಾಗೆ."

ಅಷ್ಟು ವರ್ಷ ಬಿಟ್ಟುಕೊಡದಿದ್ದ ಮನುಷ್ಯ! ಸೇಟ್‌ಜಿ ಬಸ್ಸು ಹತ್ತುವ ಮೊದಲು ಈ ಮಾತು ಆಡಿದ್ದರೆ... ಆಗ ಒಂದಿಷ್ಟು ಮಕ್ಕಳಾದರೂ ಇದ್ದರು. ಹೇಳಬೇಕು ಅಂತ ಬಾಯಿಗೆ ಬಂತು, ಅವರ ಮುಖ ನೋಡಿ ನುಂಗಿಕೊಂಡೆ. ಅ ಆ ಇ ಈ ಬರೆದುಕೊಟ್ಟೆ. ಅಂಗಡಿಯ ಹಿಂದಿ ಫಲಕ ನೋಡಿ ನೋಡಿ ಅವರಿಗೆ ಅಲ್ಪಸ್ವಲ್ಪ ಗುರುತಿತ್ತು, ಆದರೆ ಕೈ ಕೇಳುತ್ತಿರಲಿಲ್ಲ. ಪಾಟಿಯ ಬಲಗಡೆಯಿಂದಲೇ ಶುರು ಮಾಡುವರು, ನಾನು ಕೈ ಹಿಡಿದು ಎಡಕ್ಕೆ ತರುತ್ತಿದ್ದೆ. ಹೆಡ್‌ಮಾಸ್ತರರಾಗಿದ್ದವರು ನನ್ನ ಎದುರು ಪಾಟಿ ಒರೆಸಿ ಒರೆಸಿ ತಿದ್ದಿದರು. ನನಗೆ ಆ ದಿನಗಳಷ್ಟು ಕಷ್ಟವಾದ ಮಾಸ್ತರಿಕೆ ಮತ್ತೆ ಆಗಲಿಲ್ಲ.

ನಾನು ಶಾಲೆ ಬಿಡುವ ಮುನ್ನಾದಿನ ಅವರು ಕಪ್ಪು ಹಲಗೆಯ ಮೇಲೆ ನಾಗರಿಯಲ್ಲಿ ಸಿಂಧಿಯ ಒಂದು ಸಾಲು ಬರೆದರು. ಓದಿ ಅಂದರು. ನಾನು ಎದ್ದು ನಿಂತು ಓದಿದೆ. ಅಕ್ಷರ ನನ್ನದು, ಮಾತು ಅವರದು. ಅವರ ಭಾಷೆಯಲ್ಲಿ ಉಸಿರನ್ನು ಒಳಗೆ ಎಳೆದು ಹೇಳುವ ಒಂದು ಬ ಇದೆ, ಅದು ನನಗೆ ಬರಲೇ ಇಲ್ಲ. ಅವರು ತುಟಿ ತೋರಿಸಿ ಹೇಳಿಕೊಟ್ಟರು, ಮತ್ತೆ ಓದಿಸಿದರು, ಮತ್ತೆ ತಿದ್ದಿದರು. ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ಯಾವ ಮಗುವನ್ನು ಎದುರಿಗೆ ನಿಲ್ಲಿಸಿಕೊಂಡಿದ್ದರೋ. ಕಡೆಗೆ ಆತು ಅಂದರು. ಇದರ ಅರ್ಥ ಎಂತ ದಾದಾ ಅಂತ ಕೇಳಿದೆ. ಅರ್ಥ ಮಕ್ಕಳು ಬಂದಾಗ ಹೇಳ್ತೇನೆ, ನಿಮಗೆ ಅದು ಎಂತಕ್ಕೆ ಅಂದರು. ನೋಯಿಸಬೇಕು ಅಂತ ಹೇಳಿದ್ದಲ್ಲ, ಮಕ್ಕಳು ಬರುತ್ತಾರೆ ಅಂತ ಅವರು ನಂಬಿಯೇ ಹೇಳಿದ್ದು. ಆದರೂ ನನಗೆ ಚುರ್ ಅಂತು. ಮತ್ತೆ ಕೇಳಲಿಲ್ಲ.

ಆ ಮಳೆಗಾಲ ಕಳೆದ ಮೇಲೆ ಮಗ ಬಂದು ಅಂಗಡಿ ಬಿಡಿಸಿ, ಅಪ್ಪ ಅಮ್ಮನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದ. ಬೆಂಚುಗಳನ್ನು ಯಾರೋ ಕೊಂಡರು. ಮರುವರ್ಷ ಮಳೆಗಾಲದೊಳಗೆ ದಾದಾ ತೀರಿಕೊಂಡ ಸುದ್ದಿ ಬಂತು. ಯಾರೋ ಗಿರಾಕಿ ಹೇಳಿದ್ದು, ಅಪ್ಪ ಕೇಳಿಕೊಂಡು ಬಂದದ್ದು. ಅವರು ಹೋದ ದಿನ ಯಾವುದು ಅಂತಲೂ ನನಗೆ ಗೊತ್ತಿಲ್ಲ. ನಾನು ಬೋರ್ಡಿನ ಶಾಲೆಯಲ್ಲಿ ಮೂರನೇ ಇಯತ್ತೆಗೆ ಭಾಗಾಕಾರ ಕಲಿಸುತ್ತಿದ್ದೆ. ಅವತ್ತೂ ಕಲಿಸಿದೆ.

ಆ ಸಾಲು ನನಗೆ ಇವತ್ತಿಗೂ ಬಾಯಿಪಾಠ. ಇಲ್ಲಿ ಬರೆಯೂದಿಲ್ಲ. ಈಗಿರುವ ಎರಡು ಅಕ್ಷರದ ಜಗಳಕ್ಕೆ ಕನ್ನಡವನ್ನೂ ಸೇರಿಸೂದು ಬೇಡ. ಕೋರಾ ಬಟ್ಟೆ ನೆನೆಸಿದ ಮರುದಿನದಿಂದ ಅದು ಬಾಯಲ್ಲೇ ತಿರುಗಲಿಕ್ಕೆ ಹತ್ತಿತು, ಊಟಕ್ಕೆ ಕೂತರೂ ಅದೇ. ಹಳೆಯ ಒಬ್ಬ ವಿದ್ಯಾರ್ಥಿಯಿಂದ ದಾದಾನ ಮೊಮ್ಮಗಳ ನಂಬರು ಸಿಕ್ಕಿತು. ಧಾರವಾಡದ ಮನೆತನಕ್ಕೆ ಸೊಸೆಯಾಗಿ ಹೋದವಳು, ಈಗ ಅವಳೇ ಅಜ್ಜಿ. ನಿನ್ನೆ ಫೋನು ಮಾಡಿದೆ. ಅಕ್ಕೋರೆ, ಆರಾಮಿದ್ರಾ ಅಂತ ಅವಳು ನನ್ನ ದನಿ ಗುರುತು ಹಿಡಿದು, ಥೇಟ್ ನಮ್ಮ ಹೊನ್ನಾವರದ ಮಾತಿನಲ್ಲೇ ಕೇಳಿದಳು. ಅಷ್ಟು ವರ್ಷವಾದರೂ ಒಂದು ಶಬ್ದ ಮಾಸಿರಲಿಲ್ಲ. ಮಂಡಿ ನೋವು, ಮೊಮ್ಮಕ್ಕಳ ಶಾಲೆ, ಎಲ್ಲ ಆದ ಮೇಲೆ ನಾನು ಆ ಸಾಲು ಹೇಳಿದೆ, ಬರದ ಆ ಬ ಸಮೇತ.

ಅವಳು ಇನ್ನೊಂದು ಸಲ ಹೇಳಿಸಿದಳು. ಮತ್ತೊಂದು ಸಲ. ಮನೆಯ ಮಾತು ನಾಲ್ಕು ಗೊತ್ತು ಅಕ್ಕೋರೆ, ಇದು ಪುಸ್ತಕದ ಮಾತು ಕಾಣ್ತದೆ, ನಂಗೆ ಗೊತ್ತಾಗೂದಿಲ್ಲ ಅಂದಳು. ಕೇಳಲಿಕ್ಕೆ ಅವರ ಪೈಕಿ ಹಿರಿಯರು ಯಾರೂ ಉಳಿದಿಲ್ಲವಂತೆ. ಆಮೇಲೆ ಅವಳೇ ನನ್ನನ್ನು ಕೇಳಿದಳು, ಅಜ್ಜ ನಿಮಗೆ ಅರ್ಥ ಹೇಳಲಿಲ್ವಾ ಅಂತ.

"ಇಲ್ಲ ಮಗಾ," ಅಂದೆ. "ನಿಂಗೆ ಹೇಳ್ಬೇಕು ಅಂತ ಇಟ್ಕೊಂಡಿದ್ರು."